ಕಚೇರಿಯಲ್ಲಿ ಕುದಿಯುವವನು ಸೊಸೈಟಿಯಲ್ಲಿ ಕೈ ಎತ್ತಿದ್ದೇಕೆ?

ಪ್ರಶ್ನೆ: ನನಗೆ 34 ವರ್ಷ. ಮೂಲ ಕುಂದಾಪುರದ ಕಡೆ, ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಅಪ್ಪ 1978ರಲ್ಲಿ ಹದಿಮೂರರ ಹುಡುಗನಾಗಿ ಮುಂಬಯಿಗೆ ಬಂದು, ಫೋರ್ಟಿನ ಹೋಟೆಲೊಂದರಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಕೊನೆಗೆ ಅದೇ ಹೋಟೆಲಿನ ಗಲ್ಲಾದಲ್ಲಿ ಕುಳಿತು ನಿವೃತ್ತರಾದವರು. ನಾನು ಬಿಕಾಂ ಮುಗಿಸಿ, ದೂರಶಿಕ್ಷಣದಲ್ಲಿ ಎಂಬಿಎ ಮಾಡಿ, ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ (ಬಿಕೆಸಿ) ಹಣಕಾಸು ಸಂಸ್ಥೆಯೊಂದರಲ್ಲಿ ಒಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನನಗಿಂತ ಮೂರು ವರ್ಷ ತಡವಾಗಿ ಸೇರಿದ, ದಾದರಿನಲ್ಲಿ ಅಜ್ಜನ ಕಾಲದ ಮನೆಯಿರುವ, ವಿದೇಶದಲ್ಲಿ ಓದಿ ಬಂದ ಸಹೋದ್ಯೋಗಿ ಈಗ ನನ್ನ ಮೇಲಧಿಕಾರಿ. ನನ್ನ ಕೆಲಸದಲ್ಲಿ ತಪ್ಪಿಲ್ಲ, ಆದರೆ 'ಪ್ರೆಸೆನ್ಸ್' ಸಾಲದು ಎನ್ನುತ್ತಾರೆ. ಅಪ್ಪ, 'ನಾನು ಎಂಜಲು ಲೋಟ ತೊಳೆದು ಇಷ್ಟು ಮಾಡಿದೆ, ನಿನಗೇನು ಕಡಿಮೆಯಾಗಿದೆ?' ಎಂದು ಕೇಳುತ್ತಾರೆ. ರಾತ್ರಿ ಒಂದು ಗಂಟೆಯವರೆಗೆ ಮೊಬೈಲಿನಲ್ಲಿ ಬೇರೆಯವರ ಬಡ್ತಿ, ವಿದೇಶ ಪ್ರವಾಸ ನೋಡುತ್ತ ಕುಳಿತಿರುತ್ತೇನೆ. ಮಗಳ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ. ಇನ್ನೊಂದು ವಿಷಯ. ಕಳೆದ ತಿಂಗಳು ನಮ್ಮ ವಸತಿ ಸೊಸೈಟಿಯ ಸಭೆಯಲ್ಲಿ, ಮನೆಗೆಲಸದವರು ಮತ್ತು ಡೆಲಿವರಿ ಹುಡುಗರು ಸರ್ವಿಸ್ ಲಿಫ್ಟನ್ನು ಮಾತ್ರ ಬಳಸಬೇಕೆಂಬ ನಿಯಮ ಬಂತು. ಎಲ್ಲರ ಜೊತೆ ನಾನೂ ಕೈ ಎತ್ತಿದೆ. ಮರುವಾರ ಸರ್ವಿಸ್ ಲಿಫ್ಟ್ ಕೆಟ್ಟಿತ್ತು. ನಮ್ಮ ಮನೆಗೆ ಬರುವ ಯಾದಗಿರಿ ಕಡೆಯ ಹೆಂಗಸು ಮೊಣಕಾಲು ನೋವಿಟ್ಟುಕೊಂಡು ಹನ್ನೊಂದು ಮಹಡಿ ಹತ್ತಿ ಬಂದು, 'ಇರ್ಲಿ ಬಿಡ್ರೀ ಅಣ್ಣಾ, ನಮಗೇನ್ ಹೊಸದಲ್ಲ' ಎಂದಳು. ಅಂದಿನಿಂದ ನಿದ್ದೆಯೇ ಇಲ್ಲ. ನನ್ನದು ಹೊಟ್ಟೆಕಿಚ್ಚೇ? ಇದು ಕಾಯಿಲೆಯೇ? ಎಲ್ಲ ಬಿಟ್ಟು ಊರಿಗೆ ಹೋಗಲೇ?

ಉತ್ತರ: ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಆದರೆ ಅವುಗಳ ಬುಡದಲ್ಲಿರುವ ಪ್ರಶ್ನೆ ಒಂದೇ: ನನಗಾಗುತ್ತಿರುವುದು ನಿಜವಾದ ಅನ್ಯಾಯವೋ, ಇಲ್ಲ ನನ್ನ ಮನಸ್ಸಿನ ಸಣ್ಣತನವೋ? ಮಾಟುಂಗಾದಲ್ಲಿ ಆಪ್ತಸಮಾಲೋಚಕನಾಗಿ ಕುಳಿತ ಇಪ್ಪತ್ತೆರಡು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಬ್ಯಾಂಕಿನವರು, ನರ್ಸುಗಳು, ಹೋಟೆಲಿನವರು, ಐಟಿಯವರು ನೂರಾರು ಬಗೆಯಲ್ಲಿ ಕೇಳಿದ್ದಾರೆ. ನಿಮ್ಮ ಪತ್ರಕ್ಕೆ ಇಷ್ಟು ಉದ್ದವಾಗಿ ಉತ್ತರಿಸುತ್ತಿರುವುದು ಆ ಲಿಫ್ಟಿನ ಮಾತಿನಿಂದಾಗಿ. ತನಗಾದ ಅನ್ಯಾಯವನ್ನು ಹೇಳಿಕೊಳ್ಳುವವರು ಬಹಳ ಜನ. ತಾನು ಕೈ ಎತ್ತಿದ್ದನ್ನು ಅದೇ ಉಸಿರಿನಲ್ಲಿ ಬರೆದವರು ಅಪರೂಪ.

ಮೊದಲು ಹೊಟ್ಟೆಕಿಚ್ಚಿನ ವಿಷಯ. ಅಸೂಯೆಯನ್ನೂ ಅನ್ಯಾಯದ ಅರಿವನ್ನೂ ಬೇರೆಮಾಡಲು ನಾನು ಒಂದು ಸರಳ ಪ್ರಶ್ನೆ ಕೇಳುತ್ತೇನೆ. ನಾಳೆ ಆ ಸಹೋದ್ಯೋಗಿಯ ಹುದ್ದೆ ಹೋಯಿತು, ನಿಮಗೂ ಏನೂ ಸಿಗಲಿಲ್ಲ ಎಂದಿಟ್ಟುಕೊಳ್ಳಿ: ನಿಮಗೆ ಸಮಾಧಾನವಾಗುತ್ತದೆಯೇ? ಹೌದಾದರೆ ಅದರಲ್ಲಿ ಅಸೂಯೆಯಿದೆ. 'ಅವನು ಇದ್ದರೆ ಇರಲಿ, ಬಡ್ತಿ ಹೇಗೆ ಕೊಡುತ್ತಾರೆಂಬುದು ಎಲ್ಲರಿಗೂ ಮೊದಲೇ ತಿಳಿದಿರಲಿ' ಎಂದು ಅನ್ನಿಸಿದರೆ ನಿಮ್ಮ ಸಿಟ್ಟು ವ್ಯಕ್ತಿಯ ಮೇಲಿನದಲ್ಲ, ನಿಯಮದ ಮೇಲಿನದು. ಹೆಚ್ಚಿನವರಲ್ಲಿ ಎರಡೂ ಬೆರೆತಿರುತ್ತವೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನಿಮ್ಮ ಪತ್ರದಲ್ಲಿ ಆ ಮನುಷ್ಯನ ಬಗ್ಗೆ ಒಂದೂ ಕೆಟ್ಟ ಮಾತಿಲ್ಲ ಎಂಬುದನ್ನು ನಾನು ಗಮನಿಸಿದ್ದೇನೆ.

ಇನ್ನು 'ಕಷ್ಟಪಟ್ಟರೆ ಫಲ' ಎಂಬ ಮಾತು. ಇದು ಅರ್ಧ ನಿಜ, ಮತ್ತು ಅರ್ಧ ನಿಜವೇ ಮನುಷ್ಯನನ್ನು ಹೆಚ್ಚು ಸುಡುವುದು. ಡೊಂಬಿವಲಿ ಸ್ಟೇಷನ್ ದಕ್ಷಿಣ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣದಿಂದ ಸುಮಾರು 48 ಕಿಲೋಮೀಟರ್ ದೂರ. ಮನೆಯಿಂದ ಸ್ಟೇಷನ್ನಿಗೆ ರಿಕ್ಷಾ, ಕುರ್ಲಾದವರೆಗೆ ಲೋಕಲ್, ಅಲ್ಲಿಂದ ಶೇರ್ ರಿಕ್ಷಾ ಎಂದು ಲೆಕ್ಕ ಹಾಕಿದರೆ ಹೋಗಿ ಬರಲು ದಿನಕ್ಕೆ ಮೂರೂವರೆ ಗಂಟೆ ಬೇಕು. ದಾದರಿನವನಿಗೆ ಹೋಗಿ ಬರಲು ಹೆಚ್ಚೆಂದರೆ ಒಂದು ಗಂಟೆ. ದಿನಕ್ಕೆ ಎರಡೂವರೆ ಗಂಟೆಯಂತೆ ವರ್ಷದ 240 ಕೆಲಸದ ದಿನಗಳಿಗೆ 600 ಗಂಟೆ, ಎಂದರೆ ಎಂಟು ಗಂಟೆಯ 75 ಪಾಳಿಗಳು. ನಿಮ್ಮ ಮೇಲಧಿಕಾರಿಯ ವರ್ಷ ನಿಮ್ಮದಕ್ಕಿಂತ ಅಷ್ಟು ಪಾಳಿ ಉದ್ದ. ಸಂಜೆ ಏಳರ ಮೇಲೆ ನಡೆಯುವ ಗೋಷ್ಠಿಗೆ ಅವನು ಉಳಿಯಬಲ್ಲ, ಕಚೇರಿಯ ಹಿರಿಯರ ಜೊತೆ ಊಟಕ್ಕೆ ಹೋಗಬಲ್ಲ, ಬೆಳಿಗ್ಗೆ ಇಸ್ತ್ರಿ ಮುರಿಯದ ಅಂಗಿಯಲ್ಲಿ ಬಂದು ಕುಳಿತುಕೊಳ್ಳಬಲ್ಲ. ಆಮೇಲೆ ಇದನ್ನೆಲ್ಲ ಕೂಡಿಸಿ 'ಪ್ರೆಸೆನ್ಸ್' ಎಂದು ಹೆಸರಿಡುತ್ತಾರೆ.

ಗಂಟೆಗಳಿಗಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಅನುಕೂಲಸ್ಥನೆಂದರೆ ಯಾರೆಂದು ನನ್ನನ್ನು ಕೇಳಿದರೆ, ಎಷ್ಟು ಸಲ ತಪ್ಪಿದರೂ ಮತ್ತೆ ಎದ್ದು ನಿಲ್ಲುವಷ್ಟು ಮನೆಯಲ್ಲಿ ಆಸರೆ ಇರುವವನು ಎನ್ನುತ್ತೇನೆ. ಆರು ತಿಂಗಳು ಸಂಬಳವಿಲ್ಲದೆ ಎಲ್ಲಾದರೂ ಅನುಭವ ಪಡೆಯುವುದು, ಹಿಡಿಸದ ಕೆಲಸವನ್ನು ಬಿಟ್ಟುಬಿಡುವುದು, ಮೇಲಿನವರ ಎದುರು 'ಇದು ಸರಿಯಲ್ಲ' ಎಂದು ನೇರವಾಗಿ ಹೇಳುವುದು, ಇವೆಲ್ಲ ಧೈರ್ಯದಂತೆ ಕಾಣುತ್ತವೆ. ಬಹುಪಾಲು ಅವು ಕಂತು ಕಟ್ಟುವ ಚಿಂತೆಯಿಲ್ಲದವನ ನಿರಾಳತೆ. ಗೃಹಸಾಲ, ಅಪ್ಪ-ಅಮ್ಮನ ಔಷಧಿ, ಮಗಳ ಶಾಲೆ ಹೆಗಲ ಮೇಲಿರುವವನು ತೂಗಿ ನೋಡಿ ಮಾತಾಡುತ್ತಾನೆ, ಆ ತೂಗುವಿಕೆಯನ್ನು ಅಂಜುಬುರುಕತನವೆಂದು ಬರೆದುಕೊಳ್ಳುತ್ತಾರೆ.

ಅಪ್ಪನ ಮಾತಿಗೆ ಬರೋಣ. ನಿಮ್ಮನ್ನು ಹೆಚ್ಚು ನೋಯಿಸಿದ್ದು ಅದೇ ಎಂದು ನನಗನ್ನಿಸುತ್ತದೆ. ಅವರು ಪಟ್ಟ ಪಾಡು ನಿಜ, ಅದನ್ನು ಯಾರೂ ಸಣ್ಣದು ಮಾಡಬಾರದು. ಆದರೆ ಅವರ ಕಥೆಯಲ್ಲಿ ಅವರೇ ಮರೆತಿರುವ ಆಸರೆಗಳಿವೆ. ಊರಿನವರ ಹೋಟೆಲು ಕೆಲಸ ಕೊಟ್ಟಿತು, ಅಂಗಡಿ ಮುಚ್ಚಿದ ಮೇಲೆ ಮಲಗಲು ಅದೇ ಮೇಜುಗಳನ್ನು ಕೊಟ್ಟಿತು, ಎರಡು ಹೊತ್ತು ಅನ್ನ ಹಾಕಿತು. ಮುಂಬಯಿಯ ಕನ್ನಡಿಗರು ಇಂಥ ಹುಡುಗರಿಗೆಂದೇ ನಡೆಸುತ್ತಿದ್ದ ರಾತ್ರಿಶಾಲೆ ಹಣ ಕೇಳದೆ ಓದಿಸಿತು. ಹಾಗೆಯೇ, ಊರು ಮತ್ತು ಜಾತಿ ನೋಡಿ ಹುಡುಗರನ್ನು ಅಡುಗೆಮನೆಗೆ ಸೇರಿಸಿಕೊಳ್ಳುತ್ತಿದ್ದ ಕಾಲ ಅದು. ಕುಂದಾಪುರದಿಂದ ಅದೇ ಬಸ್ಸಿನಲ್ಲಿ ಬಂದಿಳಿದ ಬೇರೊಬ್ಬ ಹುಡುಗನಿಗೆ ಆ ಬಾಗಿಲು ತೆರೆದಿತ್ತೆಂದು ಹೇಳಲಾಗದು. ಎಂದರೆ ನಿಮ್ಮ ತಂದೆಯ ಬೆನ್ನ ಹಿಂದೆಯೂ ಒಂದು ಬಲವಿತ್ತು, ಸಣ್ಣದಾದರೂ ಇತ್ತು. ಬೆನ್ನಿಗೆ ಬೀಸುವ ಗಾಳಿ ಮುಂದೆ ನಡೆಯುವವನಿಗೆ ತಿಳಿಯುವುದೇ ಇಲ್ಲ, ಎದುರುಗಾಳಿ ಮಾತ್ರ ಮುಖಕ್ಕೆ ಹೊಡೆಯುತ್ತದೆ. ನಿಮ್ಮ ಮೇಲಧಿಕಾರಿಗೂ ಆಗಿರುವುದು ಇದೇ. ಅಂಥ ಮನೆಗಳ ಮಕ್ಕಳೂ ನನ್ನ ಬಳಿ ಬರುತ್ತಾರೆ. ತಾವು ಗಳಿಸಿದ್ದೆಲ್ಲ ಸ್ವಂತ ದುಡಿಮೆಯೆಂದು ಅವರು ಸುಳ್ಳು ಹೇಳುವುದಿಲ್ಲ, ಹಾಗೆಂದೇ ಪ್ರಾಮಾಣಿಕವಾಗಿ ನಂಬಿರುತ್ತಾರೆ.

ಇನ್ನೊಂದು ಬದಲಾವಣೆ ಅಪ್ಪನ ಕಾಲಕ್ಕೂ ನಿಮ್ಮ ಕಾಲಕ್ಕೂ ನಡುವೆ ಆಗಿದೆ: ಸಂಬಳಕ್ಕೂ ಆಸ್ತಿಗೂ ಇರುವ ಅಂತರ. ಅಸಮಾನತೆಯನ್ನು ಅಧ್ಯಯನ ಮಾಡುವ ವರ್ಲ್ಡ್ ಇನೀಕ್ವಾಲಿಟಿ ಲ್ಯಾಬಿನ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2022-23ರಲ್ಲಿ ಭಾರತದ ಒಟ್ಟು ಆದಾಯದ ಶೇ. 22.6 ಹಾಗೂ ಒಟ್ಟು ಸಂಪತ್ತಿನ ಶೇ. 40.1 ಮೇಲಿನ ಶೇ. 1ರಷ್ಟು ಜನರ ಕೈಯಲ್ಲಿತ್ತು. ಎರಡು ಅಂಕಿಗಳ ನಡುವಿನ ಅಂತರವನ್ನು ನೋಡಿ. ದುಡಿಮೆಯಲ್ಲಿರುವ ಅಸಮಾನತೆಗಿಂತ ಕೂಡಿಟ್ಟದ್ದರಲ್ಲಿರುವ ಅಸಮಾನತೆ ದೊಡ್ಡದು, ಮತ್ತು ಕೂಡಿಟ್ಟದ್ದು ಮಕ್ಕಳಿಗೆ ಹೋಗುತ್ತದೆ. ಸತ್ತವರ ಆಸ್ತಿಯ ಮೇಲಿದ್ದ ಎಸ್ಟೇಟ್ ಸುಂಕ 1985ರಲ್ಲಿ ಹೋಯಿತು, ಸಂಪತ್ತು ತೆರಿಗೆ 2015ರ ಬಜೆಟ್ಟಿನಲ್ಲಿ ಹೋಯಿತು. ನಿಮ್ಮ ಸಂಬಳದ ಮೇಲಿನ ತೆರಿಗೆ ಮಾತ್ರ ಪ್ರತಿ ತಿಂಗಳೂ ಮೂಲದಲ್ಲೇ ಕಡಿತವಾಗುತ್ತದೆ. ದಾದರಿನ ಅಜ್ಜನ ಮನೆ ಇಂದು ಕೊಡುತ್ತಿರುವ ಅನುಕೂಲವನ್ನು ನಿಮ್ಮ ಒಂಬತ್ತು ವರ್ಷದ ದುಡಿಮೆ ಸರಿಗಟ್ಟಲಾರದು, ಅದು ನಿಮ್ಮ ಸೋಲಲ್ಲ.

ಪ್ರತಿಭೆಯನ್ನು ಮಾತ್ರ ನೋಡುತ್ತೇವೆಂಬ ಕಚೇರಿಗಳ ಮಾತಿನ ಬಗ್ಗೆಯೂ ಸ್ವಲ್ಪ ಹೇಳಬೇಕು. ಅರ್ಥಶಾಸ್ತ್ರಜ್ಞ ಸುಖದೇವ್ ಥೋರಾಟ್ ಮತ್ತು ಸಮಾಜಶಾಸ್ತ್ರಜ್ಞ ಪಾಲ್ ಆಟವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಾಸಗಿ ಸಂಸ್ಥೆಗಳ ಉದ್ಯೋಗ ಜಾಹೀರಾತುಗಳಿಗೆ ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿ ನೋಡಿದ್ದರು. ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿನ ಅರ್ಜಿದಾರನಿಗೆ ಕರೆ ಬರುವ ಸಂಭವ ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು ಮಾತ್ರವಿತ್ತು. ಸಂದರ್ಶನಕ್ಕೆ ಕರೆಯುವ ಮೊದಲೇ, ಮುಖ ನೋಡುವ ಮೊದಲೇ ಆದದ್ದು ಇದು. ನಿಮ್ಮ ಜಾತಿ ಯಾವುದೆಂದು ನೀವು ಬರೆದಿಲ್ಲ, ನಾನು ಕೇಳುವುದೂ ಇಲ್ಲ. ಆದರೆ ನಿಮ್ಮ ಅಡೆತಡೆಗಳನ್ನು ಲೆಕ್ಕ ಹಾಕುವಾಗ ನಿಮ್ಮ ಪಾಲಿಗೆ ಬಾರದ ಅಡೆತಡೆಗಳನ್ನೂ ಪಕ್ಕದಲ್ಲಿ ಬರೆದುಕೊಳ್ಳಿ.

ಹಾಗಾದರೆ ಎಲ್ಲವೂ ಮೊದಲೇ ನಿಶ್ಚಯವಾಗಿದೆ, ಶ್ರಮವೆಲ್ಲ ವ್ಯರ್ಥ ಎನ್ನೋಣವೇ? ಇದು ಮೊದಲಿನದರ ವಿರುದ್ಧ ದಿಕ್ಕಿನ ಭ್ರಮೆ, ಮತ್ತು ನನ್ನ ಅನುಭವದಲ್ಲಿ ಹೆಚ್ಚು ಅಪಾಯಕಾರಿ, ಏಕೆಂದರೆ ಇದನ್ನು ನಂಬಿದವರು ಮೊದಲು ಕೆಲಸದಲ್ಲಿ, ಆಮೇಲೆ ಮನೆಯಲ್ಲಿ ಕೈಚೆಲ್ಲುತ್ತಾರೆ. ಶ್ರಮದಿಂದ ಅಂತರ ಮುಚ್ಚದಿದ್ದರೂ ನೀವು ನಿಂತ ಜಾಗ ಬದಲಾಗುತ್ತದೆ. ಲೋಟ ತೊಳೆದವರ ಮಗ ಬಿಕೆಸಿಯ ಕಚೇರಿಯಲ್ಲಿ ಒಂಬತ್ತು ವರ್ಷ ಉಳಿದಿದ್ದಾನೆ ಎಂಬುದು ಸಣ್ಣ ಮಾತಲ್ಲ.

ಆದರೂ ಊರಿನಲ್ಲಿ ಆಗದಷ್ಟು ಸಂಕಟ ಬಿಕೆಸಿಯಲ್ಲಿ ಏಕೆ ಆಗುತ್ತದೆ? ಎರಡನೇ ಮಹಾಯುದ್ಧದ ಕಾಲದಲ್ಲಿ ಸ್ಯಾಮ್ಯುಯೆಲ್ ಸ್ಟೌಫರ್ ಎಂಬ ಸಮಾಜವಿಜ್ಞಾನಿಯ ತಂಡ ಅಮೆರಿಕದ ಸೈನಿಕರನ್ನು ಅಧ್ಯಯನ ಮಾಡಿದಾಗ ವಿಚಿತ್ರವಾದ ಸಂಗತಿಯೊಂದು ಕಂಡಿತು. ಬಡ್ತಿ ಬಹಳ ವಿರಳವಾಗಿದ್ದ ಮಿಲಿಟರಿ ಪೊಲೀಸರಿಗಿಂತ, ಬಡ್ತಿ ಬೇಗ ಬೇಗ ಸಿಗುತ್ತಿದ್ದ ವಾಯುದಳದವರಿಗೇ ಬಡ್ತಿಯ ಬಗ್ಗೆ ಅತೃಪ್ತಿ ಹೆಚ್ಚಿತ್ತು. ಯಾರಿಗೂ ಸಿಗದ ಕಡೆ ನನಗೂ ಸಿಗಲಿಲ್ಲವೆಂಬುದು ನೋಯಿಸುವುದಿಲ್ಲ. ಪಕ್ಕದ ಕುರ್ಚಿಯವನಿಗೆ ಸಿಕ್ಕ ಕಡೆ ನೋಯಿಸುತ್ತದೆ. ನಿಮ್ಮ ಕೈಯಲ್ಲಿರುವ ಮೊಬೈಲು ಸಾವಿರ ಪಕ್ಕದ ಕುರ್ಚಿಗಳನ್ನು ರಾತ್ರಿ ಒಂದು ಗಂಟೆಗೆ ಹಾಸಿಗೆಯ ಬಳಿಗೇ ತರುತ್ತದೆ. ಇದು ಮನಸ್ಸಿನ ಮಟ್ಟದಲ್ಲೇ ನಿಲ್ಲುವುದಿಲ್ಲ. ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ 1967ರಿಂದ ನಡೆದ ವೈಟ್‌ಹಾಲ್ ಅಧ್ಯಯನದಲ್ಲಿ, ಎಲ್ಲರಿಗೂ ಖಾಯಂ ನೌಕರಿ ಮತ್ತು ಸರ್ಕಾರಿ ವೈದ್ಯಸೇವೆ ಇದ್ದರೂ, ಹುದ್ದೆ ಇಳಿದಂತೆ ಹೃದಯದ ಕಾಯಿಲೆಯಿಂದ ಸಾಯುವವರ ಪ್ರಮಾಣ ಏರುತ್ತ ಹೋಗಿದ್ದು ಕಂಡುಬಂತು. ತನ್ನ ದಿನದ ಮೇಲೆ ತನಗೆ ಹಿಡಿತವಿಲ್ಲದಿರುವುದು ದೇಹಕ್ಕೂ ತಟ್ಟುತ್ತದೆ. ಆದ್ದರಿಂದ ನಿಮ್ಮ ನಿದ್ದೆಗೇಡನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಕಾಯಿಲೆಯೇ ಎಂದು ಕೇಳಿದ್ದೀರಿ. ಅನ್ಯಾಯ ಕಂಡು ಕುದಿಯುವುದು ಕಾಯಿಲೆಯಲ್ಲ. ಆದರೆ ಎರಡು ವಾರಕ್ಕೂ ಮೀರಿ ಬಹುಪಾಲು ದಿನ ನಿದ್ದೆ, ಹಸಿವು ಕೆಟ್ಟು, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಅಥವಾ ಬದುಕು ಸಾಕೆಂಬ ಯೋಚನೆ ಒಮ್ಮೆ ಸುಳಿದರೂ ತಡಮಾಡದೆ ಮನೋವೈದ್ಯರನ್ನು ಕಾಣಿರಿ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತನಾಡಬಹುದು.

ಈಗ ನೀವು ನೇರವಾಗಿ ಕೇಳದ, ಆದರೆ ನಿದ್ದೆ ಕೆಡಿಸಿದ ಪ್ರಶ್ನೆ: ನಾನೇಕೆ ಕೈ ಎತ್ತಿದೆ? ಬೆಳಗಿನ ಗಾಡಿಯನ್ನು ನೆನಪಿಸಿಕೊಳ್ಳಿ. ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ನಿಂತಿರುವವರೆಗೆ ನಾವು 'ಆತ್ ಚಲಾ, ಆತ್ ಚಲಾ' (ಒಳಗೆ ನಡೆಯಿರಿ) ಎಂದು ಒಳಗಿನವರನ್ನು ನೂಕುತ್ತೇವೆ. ಹತ್ತಿ ಕಂಬ ಹಿಡಿದು ಕೆಲವೇ ನಿಮಿಷವಾಗುವಷ್ಟರಲ್ಲಿ ಆ ಗಾಡಿ ಮುಂದೆ ಸಿಗುವ ದಿವಾ ಸ್ಟೇಷನ್ನಿನಲ್ಲಿ ನಿಂತರೆ, ಅಲ್ಲಿನವರಿಗೆ 'ಜಾಗಾ ನಾಹೀ' ಎನ್ನುವವರೂ ನಾವೇ. ಬಾಗಿಲು ಬಿಡದೆ ನಿಲ್ಲುತ್ತಾರೆಂದು ದಿವಾದವರು ವರ್ಷಗಳಿಂದ ದೂರುತ್ತಲೇ ಇದ್ದಾರೆ. 2025ರ ಜೂನ್ 9ರಂದು ಅಲ್ಲೇ ಮುಂದೆ ಮುಂಬ್ರಾದ ಬಳಿ ಕಿಕ್ಕಿರಿದ ಲೋಕಲ್‌ಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಹಳಿಯ ಮೇಲೆ ಬಿದ್ದು ಪ್ರಾಣ ಕಳೆದುಕೊಂಡರು. ದಿವಾದವನನ್ನು ತಡೆಯುವವನು ಕೆಟ್ಟವನೆಂದಲ್ಲ. ಕಷ್ಟಪಟ್ಟು ಪಡೆದ ಅಂಗೈಯಗಲದ ಜಾಗ ಹೋದೀತೆಂಬ ಹೆದರಿಕೆ ಅವನನ್ನು ಹಾಗೆ ಮಾಡಿಸುತ್ತದೆ. ಸಾಲ ಮಾಡಿ ಕೊಂಡ ಹನ್ನೊಂದನೇ ಮಹಡಿಯ ಫ್ಲ್ಯಾಟು ನಿಮಗೆ ಆ ಜಾಗ. ಹಗಲೆಲ್ಲ ಕೆಳಗಿನವನೆನ್ನಿಸಿಕೊಂಡವನಿಗೆ ಸಂಜೆ ಲಿಫ್ಟಿನ ಬಾಗಿಲಲ್ಲಿ 'ನೀನು ಅವರಂತಲ್ಲ' ಎಂದು ಯಾರೋ ಹೇಳಿದರು, ಕೈ ತಾನಾಗಿ ಮೇಲೆದ್ದಿತು. ನಿಮ್ಮನ್ನು ಕ್ಷಮಿಸಲು ಇದನ್ನು ಹೇಳುತ್ತಿಲ್ಲ. 'ಪ್ರೆಸೆನ್ಸ್' ಸಾಲದೆಂದು ನಿಮಗೆ ಹೇಳಿದ್ದಕ್ಕೂ ಸರ್ವಿಸ್ ಲಿಫ್ಟಿಗೆ ಹೋಗೆಂದು ಆಕೆಗೆ ಹೇಳಿದ್ದಕ್ಕೂ ವ್ಯತ್ಯಾಸ ಕಡಿಮೆ ಎಂಬುದು ನಿಮಗೇ ಹೊಳೆದದ್ದರಿಂದ ನಿದ್ದೆ ಹೋಗಿದೆ.

ಮಾಡುವುದೇನು? ಕಚೇರಿಯಿಂದ ಆರಂಭಿಸೋಣ. ಖಾಸಗಿ ಸಂಸ್ಥೆಯಲ್ಲಿ ಸಂಪರ್ಕವಿದ್ದವನಿಗೆ ಬಡ್ತಿ ಸಿಕ್ಕಿತೆಂದು ಕೋರ್ಟಿಗೆ ಹೋಗಿ ಗೆಲ್ಲುವ ದಾರಿ ಬಹುತೇಕ ಇಲ್ಲ. ಆ ಆಸೆಯಲ್ಲಿ ಹಣ, ವರ್ಷ ಕಳೆಯಬೇಡಿ. ಮುಂದಿನ ಮೌಲ್ಯಮಾಪನಕ್ಕೆ ನಾಲ್ಕು ತಿಂಗಳು ಮೊದಲೇ, ಮುಂದಿನ ಹುದ್ದೆಗೆ ಏನೇನು ಬೇಕೆಂಬುದನ್ನು ಬರಹದಲ್ಲಿ ಕೇಳಿ. 'ಪ್ರೆಸೆನ್ಸ್' ಎಂದರೆ ಯಾವ ಸಭೆಯಲ್ಲಿ, ಯಾವ ಕೆಲಸದಲ್ಲಿ, ಏನು ಮಾಡಿದರೆ ಕಾಣುತ್ತದೆಂದು ವಿನಯದಿಂದ, ಆದರೆ ಉತ್ತರ ಸಿಗುವವರೆಗೆ ಕೇಳಿ. ಸಹೋದ್ಯೋಗಿಯ ಹೆಸರನ್ನು ಒಮ್ಮೆಯೂ ಎತ್ತಬೇಡಿ, ಎತ್ತಿದ ಕ್ಷಣ ನಿಮ್ಮ ಪ್ರಶ್ನೆ ದೂರಾಗುತ್ತದೆ. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಕೇಳಬಹುದು. ಕಣ್ಣಿಗೆ ಬೀಳದವನು ಮರೆತುಹೋಗುತ್ತಾನೆಂಬ ಅಪಾಯ ಅದರಲ್ಲಿದೆ, ಹಾಗಾಗಿ ಮುಖ್ಯ ಸಭೆಗಳ ದಿನ ಕಚೇರಿಯಲ್ಲೇ ಇರಿ. ಒಂದು ವರ್ಷ ಕೇಳಿಯೂ ಸ್ಪಷ್ಟ ಉತ್ತರ ಬಾರದಿದ್ದರೆ, ಆರು ತಿಂಗಳ ಕಂತು ಮತ್ತು ಮನೆಖರ್ಚು ಕೈಯಲ್ಲಿಟ್ಟುಕೊಂಡು ಬೇರೆ ಕೆಲಸ ಹುಡುಕಿ. ಒಂಬತ್ತು ವರ್ಷ ಒಂದೇ ಕಡೆ ಇದ್ದವನನ್ನು ಸಂಸ್ಥೆಗಳು ಮನೆಯ ಹಳೆ ಕಪಾಟಿನಂತೆ ನೋಡುವುದನ್ನು ನಾನು ಬಹಳ ಕಂಡಿದ್ದೇನೆ.

ಡೊಂಬಿವಲಿಯ ಮನೆಯನ್ನು ಬಾಡಿಗೆಗೆ ಕೊಟ್ಟು ಕುರ್ಲಾ ಅಥವಾ ಘಾಟ್ಕೋಪರದಲ್ಲಿ ಸಣ್ಣ ಮನೆ ಹಿಡಿಯುವ ದಾರಿಯೂ ಇದೆ. ಬಾಡಿಗೆಗಳ ವ್ಯತ್ಯಾಸ ಕೈಯಿಂದ ಹೋಗುತ್ತದೆ, ಮಗಳ ಶಾಲೆ ಬದಲಾಗುತ್ತದೆ, ಅಪ್ಪ-ಅಮ್ಮನಿಗೆ ಪರಿಚಯದ ನೆರೆಹೊರೆ ತಪ್ಪುತ್ತದೆ. ಬದಲಿಗೆ ದಿನಕ್ಕೆ ಎರಡು ಗಂಟೆ ಸಿಗುತ್ತದೆ. ಹೆಂಡತಿಯ ಜೊತೆ ಕುಳಿತು, ಹಣದಂತೆಯೇ ಗಂಟೆಗಳಿಗೂ ಬೆಲೆ ಕಟ್ಟಿ ಲೆಕ್ಕ ಹಾಕಿ. ಊರಿಗೆ ಮರಳುವುದನ್ನು ಈಗ ನಿರ್ಧರಿಸಬೇಡಿ. ಅಲ್ಲಿ ಮಾಡುವ ಕೆಲಸ ಇದೆಂದು ಖಚಿತವಾಗಿ ಹೋದವರು ನೆಲೆ ನಿಂತಿದ್ದಾರೆ. ಇಲ್ಲಿನ ಸಿಟ್ಟಿನಿಂದ ಹೋದವರಲ್ಲಿ ಕೆಲವರು ಎರಡು ವರ್ಷದೊಳಗೆ, ಕೆಲಸವೂ ಇಲ್ಲದೆ, ಮತ್ತೆ ನನ್ನ ಎದುರು ಕುಳಿತಿದ್ದಾರೆ. ಮೊಬೈಲನ್ನು ರಾತ್ರಿ ಹತ್ತರ ಮೇಲೆ ಅಡುಗೆಮನೆಯಲ್ಲಿ ಬಿಡಿ. ಮಗಳಿಗೆ, ರೇಗಿದ್ದು ಅವಳ ತಪ್ಪಿನಿಂದಲ್ಲವೆಂದು ಬಾಯಿಬಿಟ್ಟು ಹೇಳಿ. ಮಕ್ಕಳು ಅದನ್ನು ಊಹಿಸಿಕೊಳ್ಳಲಾರರು.

ಲಿಫ್ಟಿನ ವಿಷಯ ಪೂರ್ತಿ ನಿಮ್ಮ ಕೈಯಲ್ಲಿದೆ, ಅದಕ್ಕೇ ಕೊನೆಗೆ ಇಟ್ಟೆ. ಸಾಮಾನ್ಯ ಸಭೆ ಮಾಡಿದ ನಿಯಮವನ್ನು ಸಾಮಾನ್ಯ ಸಭೆಯೇ ತೆಗೆಯಬಹುದು, ಆದರೆ ಮಾದರಿ ಉಪನಿಯಮಗಳ ಪ್ರಕಾರ ಮೊದಲಿನ ನಿರ್ಣಯವಾಗಿ ಆರು ತಿಂಗಳು ಕಳೆದಿರಬೇಕು. ವಾರ್ಷಿಕ ಸಭೆ ಸೆಪ್ಟೆಂಬರ್ ಕೊನೆಯೊಳಗೆ ನಡೆಯಬೇಕು. ಅದಕ್ಕೆ ಮುಂಚೆ ಈ ವಿಷಯವನ್ನು ಕಾರ್ಯಸೂಚಿಯಲ್ಲಿ ಸೇರಿಸಲು ಕಾರ್ಯದರ್ಶಿಗೆ ಪತ್ರ ಕೊಡಿ. ಆರು ತಿಂಗಳು ಕಳೆದ ಮೇಲೂ ವಾರ್ಷಿಕ ಸಭೆಯವರೆಗೆ ಕಾಯಲಾಗದಿದ್ದರೆ, ಸದಸ್ಯರಲ್ಲಿ ಐದನೇ ಒಂದು ಭಾಗದ ಜನ ಸಹಿ ಹಾಕಿ ಕೇಳಿದರೆ ವಿಶೇಷ ಸಾಮಾನ್ಯ ಸಭೆ ಕರೆಯಬೇಕಾಗುತ್ತದೆ. ಪತ್ರ ಮರಾಠಿಯಲ್ಲಿರಲಿ, ಬೋಧನೆ ಬೇಡ. 'ಕಳೆದ ಸಭೆಯಲ್ಲಿ ನಾನೂ ಕೈ ಎತ್ತಿದ್ದೆ, ಅದು ತಪ್ಪಾಯಿತು' ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ಹಾಗೆ ಬರೆದರೆ, ಒಳಗೊಳಗೇ ಹಾಗೆಂದುಕೊಂಡಿರುವ ಇನ್ನು ನಾಲ್ಕು ಮನೆಯವರು ಬಾಯಿಬಿಡುತ್ತಾರೆ. ಸೋಲಬಹುದು, ಕೆಲವರು ಲಿಫ್ಟಿನಲ್ಲಿ ಮುಖ ತಿರುಗಿಸಬಹುದು. ಆ ಬೆಲೆ ತೆರಲು ಸಿದ್ಧರಾಗಿಯೇ ಪತ್ರ ಕೊಡಿ.

ಸಭೆಯವರೆಗೆ ಕಾಯದೆ ಮನೆಯಲ್ಲೇ ಮಾಡಬಹುದಾದದ್ದೂ ಇದೆ. ಮನೆಗೆಲಸದವರ ಹಕ್ಕುಗಳ ಕುರಿತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಒಪ್ಪಂದ ಮಾಡಿತು, ಭಾರತ ಇನ್ನೂ ಅದನ್ನು ಅನುಮೋದಿಸಿಲ್ಲ. ಆದರೆ ಮಹಾರಾಷ್ಟ್ರದಲ್ಲಿ 2008ರ ಗೃಹಕಾರ್ಮಿಕರ ಕಲ್ಯಾಣ ಮಂಡಳಿ ಕಾಯ್ದೆಯಿದೆ. 18ರಿಂದ 60 ವರ್ಷದೊಳಗಿನವರು ಹೆಸರು ನೋಂದಾಯಿಸಿಕೊಳ್ಳಬಹುದು. ಆಕೆ ನಿಮ್ಮಲ್ಲಿ ಕೆಲಸ ಮಾಡುತ್ತಾಳೆಂದು ಸಹಿ ಹಾಕಿದ ಪತ್ರ ಕೊಡಿ, ಕಚೇರಿಗೆ ಹೋಗಿಬರುವ ದಿನದ ಸಂಬಳ ಹಿಡಿಯಬೇಡಿ. ವಾರಕ್ಕೊಂದು ಸಂಬಳಸಹಿತ ರಜೆ ನಿಗದಿ ಮಾಡಿ. ಮೊಣಕಾಲನ್ನು ವೈದ್ಯರಿಗೆ ತೋರಿಸುವ ಖರ್ಚನ್ನು, ಉಪಕಾರವೆಂದು ಹೇಳಿಸಿಕೊಳ್ಳದೆ, ನೀವೇ ಕೊಡಿ.

ಆಕೆಯನ್ನು ಕರೆದುಕೊಂಡು ಮುಖ್ಯ ಲಿಫ್ಟಿನಲ್ಲಿ ಹತ್ತಿ ಬರಲು ಮನಸ್ಸಾದರೆ, ಮೊದಲು ಆಕೆಯನ್ನು ಕೇಳಿ. ಅದೇ ಕಟ್ಟಡದಲ್ಲಿ ಆಕೆಗೆ ಬೇರೆ ಮನೆಗಳ ಕೆಲಸವೂ ಇರಬಹುದು, ನಿಯಮ ಮುರಿದಳೆಂದು ಅವು ತಪ್ಪಿದರೆ ನಷ್ಟ ನಿಮ್ಮದಲ್ಲ, ಆಕೆಯದು. ಬೇಡವೆಂದರೆ ಒತ್ತಾಯಿಸಬೇಡಿ. ಸರಿ ಎಂದರೆ, ಬೆಳಿಗ್ಗೆ ನೀವೇ ಕೆಳಗಿಳಿದು ಹೋಗಿ ಜೊತೆಯಲ್ಲಿ ಹತ್ತಿ ಬನ್ನಿ. ವಾಚ್‌ಮನ್ ತಡೆದರೆ ಅವನ ಮೇಲೆ ಕೂಗಬೇಡಿ, ಆ ನಿಯಮಕ್ಕೆ ಅವನು ಕೈ ಎತ್ತಿದವನಲ್ಲ. ರಿಜಿಸ್ಟರಿನಲ್ಲಿ ಆಕೆಯ ಹೆಸರಿನ ಬದಲು ನಿಮ್ಮ ಫ್ಲ್ಯಾಟಿನ ನಂಬರನ್ನೂ ನಿಮ್ಮ ಹೆಸರನ್ನೂ ಬರೆಸಿ.